ಮೆಟಲ್ ಹಾಡುಗಳಲ್ಲಿ ಪಿಶಾಚಿಯ ಗುಪ್ತ ಸಂದೇಶ ಇದೆಯೇ?

"ಮೆಟಲ್ ಹಾಡನ್ನು ಉಲ್ಟಾ ಕೇಳಿಸಿದರೆ ಪಿಶಾಚಿಯ ಸಂದೇಶ ಸಿಗುತ್ತದೆ, ಮಕ್ಕಳ ತಲೆ ಕೆಡುತ್ತದೆ." ಹನೂರು ತಾಲೂಕಿನ ಅಜ್ಜೀಪುರದ ಓದುಗರೊಬ್ಬರು ಈ ಫಾರ್ವರ್ಡ್ ಕಳಿಸಿದ್ದಾರೆ. ಪಿಯುಸಿ ಓದುವ ಮಗನ ಮೊಬೈಲಿನಲ್ಲಿ ಇಟಲಿಯ ರಾಪ್ಸೊಡಿ ತಂಡದ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ ಆಲ್ಬಂ ಇದೆಯಂತೆ. ಅಳಿಸಿಬಿಡಬೇಕೇ ಎಂದು ಕೇಳಿದ್ದಾರೆ.

ಆಲ್ಬಂನಲ್ಲಿ ಏನಿದೆ?
1998ರಲ್ಲಿ ಬಂದ ಇದು ಸಿಂಫೋನಿಕ್ ಪವರ್ ಮೆಟಲ್. ವೇಗದ ಗಿಟಾರು, ಎರಡೂ ಕಾಲಿನಿಂದ ಬಾರಿಸುವ ಡ್ರಮ್ಮು, ಏರುದನಿಯ ಗಾಯನ. ಜೊತೆಗೆ ಕೀಬೋರ್ಡು, ಪಿಟೀಲು, ಸಮೂಹಗಾನ. ಪುಟ್ಟ ಪೀಠಿಕೆ ಮುಗಿದೊಡನೆ ‘ಎಮರಾಲ್ಡ್ ಸ್ವೋರ್ಡ್’ ಓಟ ಕಿತ್ತುತ್ತದೆ. ‘ವಿಂಗ್ಸ್ ಆಫ್ ಡೆಸ್ಟಿನಿ’ ಪಿಯಾನೊ ಜೊತೆಗಿನ ನಿಧಾನದ ಹಾಡು. ಕೊನೆಯ ಹಾಡು 13 ನಿಮಿಷಕ್ಕೂ ಉದ್ದ.

ಕಥೆ ಇಷ್ಟೇ: ದುಷ್ಟಶಕ್ತಿಯಿಂದ ನಾಡನ್ನು ಉಳಿಸಲು ವೀರನೊಬ್ಬ ಪಚ್ಚೆಯ ಖಡ್ಗ ಹುಡುಕಿ ಹೊರಡುತ್ತಾನೆ. 1997ರಿಂದ 2002ರವರೆಗೆ ಐದು ಆಲ್ಬಂಗಳಲ್ಲಿ ಈ ಕಥೆ ಸಾಗುತ್ತದೆ, ಇದು ಎರಡನೆಯದು.

ಮಾದಪ್ಪನ ಸೀಮೆಯವರಿಗೆ ಇದು ಹೊಸದಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಮಾದೇಶ್ವರನ ಕಥೆಯನ್ನು ಸಾಲು ಸಾಲಾಗಿ ಹಾಡುತ್ತಾರೆ. ಮುಂದಾಳು ಎತ್ತಿಕೊಟ್ಟಿದ್ದಕ್ಕೆ ಹಿಮ್ಮೇಳ ದನಿಗೂಡಿಸುತ್ತದೆ. ಅಲ್ಲಿಯೂ ಶ್ರವಣನಂಥ ದುಷ್ಟ ದೊರೆಯ ಸಂಹಾರವಿದೆ. ಅದು ಭಕ್ತಿ, ಇದು ಕಲ್ಪನೆ. ಆದರೆ ಕೆಡುಕಿನ ಕಥೆ ಹಾಡಿದವರೆಲ್ಲ ಕೆಡುಕನ್ನು ಪೂಜಿಸುವವರಲ್ಲ.

ಕರ್ಕಶ ಯಾಕೆ?
ಗಿಟಾರಿನ ಸಂಕೇತವನ್ನು ಮಿತಿಮೀರಿ ವರ್ಧಿಸಿದಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಹೊಸ ಉಪಸ್ವರಗಳು ಸೇರುತ್ತವೆ. ಇದೇ ಡಿಸ್ಟಾರ್ಷನ್. ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ.

ಉಲ್ಟಾ ಸಂದೇಶದ ಕಥೆ?
ಕೆನಡಾದ ಮನೋವಿಜ್ಞಾನಿಗಳಾದ ವೋಕಿ ಮತ್ತು ರೀಡ್ 1985ರಲ್ಲೇ ಇದನ್ನು ಪರೀಕ್ಷಿಸಿದರು. ಉಲ್ಟಾ ಮಾತಿನ ಅರ್ಥ ಕೇಳುಗರಿಗೆ ತಿಳಿಯಲಿಲ್ಲ, ಅವರ ನಡವಳಿಕೆ ಬದಲಾದ ಪುರಾವೆಯೂ ಸಿಗಲಿಲ್ಲ. ಆದರೆ "ಇಂಥ ಪದ ಇದೆ" ಎಂದು ಮೊದಲೇ ಹೇಳಿದರೆ ಅದು ಕೇಳಿಸಿದಂತೆ ಅನಿಸಿತು. ಫಾರ್ವರ್ಡ್ ವಿಡಿಯೋಗಳು ಪರದೆ ಮೇಲೆ ಅಕ್ಷರ ತೋರಿಸುವುದು ಇದಕ್ಕೇ!

ನಿಜವಾದ ಅಪಾಯ
ಅಪಾಯ ಹಾಡಿನದಲ್ಲ, ವಾಲ್ಯೂಮಿನದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಒಳಕಿವಿಯ ಸೂಕ್ಷ್ಮ ಕೂದಲುಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನ್ ತೆಗೆದ ಮೇಲೂ ಕಿವಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆ. ಭಜನೆ ಕೇಳಿದರೂ ಇದೇ ಲೆಕ್ಕ.

ನಮ್ಮ ತೀರ್ಮಾನ: ಫಾರ್ವರ್ಡ್ ಸುಳ್ಳು. ಆಲ್ಬಂ ಅಳಿಸಬೇಡಿ, ವಾಲ್ಯೂಮ್ ಇಳಿಸಲು ಹೇಳಿ. ಸಾಧ್ಯವಾದರೆ ಒಮ್ಮೆ ಮಗನ ಪಕ್ಕ ಕೂತು ನೀವೂ ಕೇಳಿ.