ಪರೀಕ್ಷೆಗೇ ಒಂದು ಪರೀಕ್ಷೆ

ಎಚ್‌ಐವಿ ಕ್ಷಿಪ್ರ ಪರೀಕ್ಷೆಯ ಕಿಟ್ ಒಂದು ಶೇಕಡಾ 99.5ರಷ್ಟು ನಿಖರ ಎಂದಿಟ್ಟುಕೊಳ್ಳಿ. ಅದರಲ್ಲಿ 'ಪಾಸಿಟಿವ್' ಬಂದ ವ್ಯಕ್ತಿಗೆ ಸೋಂಕಿರುವ ಸಂಭವನೀಯತೆ ಎಷ್ಟು? ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಹೆಚ್ಚಿನವರು ಶೇಕಡಾ 99.5 ಎನ್ನುತ್ತಾರೆ. ಈ ಉತ್ತರ ಏಕೆ ತಪ್ಪೆಂದು ತಿಳಿಯಲು ಸ್ವಲ್ಪ ಇತಿಹಾಸ ನೋಡೋಣ.

ಅಮೆರಿಕದ ಸಂಖ್ಯಾವಿಜ್ಞಾನಿ ಜೇಕಬ್ ಯೆರುಶಲ್ಮಿ 1947ರಲ್ಲಿ ಕ್ಷಯರೋಗದ ಎಕ್ಸ್-ಕಿರಣ ಚಿತ್ರಗಳನ್ನು ಕುರಿತು ಬರೆಯುತ್ತ, 'ನಿಖರತೆ' ಎಂಬ ಒಂದು ಮಾತನ್ನು ಎರಡಾಗಿ ಒಡೆದರು. ರೋಗವಿರುವವರನ್ನು ತಪ್ಪದೆ ಹಿಡಿಯುವ ಗುಣ ಸಂವೇದನಶೀಲತೆ. ರೋಗವಿಲ್ಲದವರನ್ನು ಇಲ್ಲವೆಂದೇ ಬಿಡುವ ಗುಣ ನಿರ್ದಿಷ್ಟತೆ. ಒಂದನ್ನು ಹೆಚ್ಚಿಸಹೊರಟರೆ ಇನ್ನೊಂದು ಕುಗ್ಗುವುದು ಸಾಮಾನ್ಯ.

ಎಚ್‌ಐವಿ ಪ್ರತಿಕಾಯಗಳನ್ನು ಪತ್ತೆ ಮಾಡುವ ಎಲೈಸಾ ಪರೀಕ್ಷೆಗೆ ಅಮೆರಿಕದಲ್ಲಿ 1985ರ ಮಾರ್ಚ್ 2ರಂದು ಪರವಾನಗಿ ದೊರೆಯಿತು. ಅದರ ಮುಖ್ಯ ಉದ್ದೇಶ ರಕ್ತನಿಧಿಗಳ ರಕ್ಷಣೆ. ಸೋಂಕಿನ ರಕ್ತ ಕಣ್ತಪ್ಪಿದರೆ ಪ್ರಾಣಾಪಾಯ; ಒಳ್ಳೆಯ ರಕ್ತದ ಒಂದು ಬಾಟಲಿ ಚೆಲ್ಲಿದರೆ ನಷ್ಟ ಅಲ್ಪ. ಆದ್ದರಿಂದ ಸಂವೇದನಶೀಲತೆಗೇ ಆದ್ಯತೆ. ಆದರೆ ಬಾಟಲಿಯ ಬದಲು ಮನುಷ್ಯನಿಗೇ ಫಲಿತಾಂಶ ಹೇಳಬೇಕಾದಾಗ? 1986ರಲ್ಲಿ ಚೆನ್ನೈನ ಸುನೀತಿ ಸೊಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಗುರುತಿಸಿದಾಗ, ಅವನ್ನು 'ವೆಸ್ಟರ್ನ್ ಬ್ಲಾಟ್' ಎಂಬ ಬೇರೊಂದು ವಿಧಾನದಿಂದಲೂ ದೃಢಪಡಿಸಿಕೊಳ್ಳಲಾಯಿತು.

ಈ ಎಚ್ಚರ ಎಷ್ಟು ಅಗತ್ಯ ಎಂಬುದನ್ನು ಅಮೆರಿಕದ ಇಲಿನಾಯ್ ರಾಜ್ಯದ ಅಂಕಿಗಳಿಂದ ತಿಳಿಯಬಹುದು. ಅಲ್ಲಿ 1988ರ ಜನವರಿಯಿಂದ ಮದುವೆಗೆ ಮೊದಲು ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಮೊದಲ ಆರು ತಿಂಗಳಲ್ಲಿ 70,846 ಅರ್ಜಿದಾರರ ಪೈಕಿ ಸೋಂಕು ಕಂಡುಬಂದದ್ದು 8 ಮಂದಿಯಲ್ಲಿ. ನಮ್ಮ ಕಿಟ್‌ನ ನಿರ್ದಿಷ್ಟತೆ ಶೇಕಡಾ 99.5 ತಾನೆ? ಅಲ್ಲಿ ಅದೊಂದನ್ನೇ ಬಳಸಿದ್ದರೆ, ಸೋಂಕಿಲ್ಲದ 70,838 ಮಂದಿಯಲ್ಲಿ ಸುಮಾರು 354 ಜನರಿಗೆ ಹುಸಿ ಪಾಸಿಟಿವ್ ಬರುತ್ತಿತ್ತು. ಅಂದರೆ 362 ಪಾಸಿಟಿವ್‌ಗಳಲ್ಲಿ ನಿಜವಾದವು ಎಂಟೇ; ಶೇಕಡಾ 2ಕ್ಕಿಂತ ತುಸು ಹೆಚ್ಚು! ಎಷ್ಟು ಮದುವೆಗಳು ಮುರಿಯುತ್ತಿದ್ದವೋ ಊಹಿಸಿ. ಆ ಕಾನೂನು 1989ರಲ್ಲಿ ರದ್ದಾಯಿತು.

ಅದೇ ಕಿಟ್ಟನ್ನು, ಸಾವಿರಕ್ಕೆ ನೂರು ಮಂದಿ ಸೋಂಕಿತರಿರುವ ಗುಂಪಿನಲ್ಲಿ ಬಳಸಿ ನೋಡಿ. ಹುಸಿ ಪಾಸಿಟಿವ್ ನಾಲ್ಕೈದು ಮಾತ್ರ. ನಿಜವಾದವು ನೂರರ ಹತ್ತಿರ. ಕಿಟ್ ಬದಲಾಗಲಿಲ್ಲ, ಜನಸಮುದಾಯ ಬದಲಾಯಿತು. ಫಲಿತಾಂಶದ ಅರ್ಥವೂ ಬದಲಾಯಿತು.

ಕ್ಷಿಪ್ರ ಪರೀಕ್ಷೆಗಳು ಬಂದ ಮೇಲೆ ಪ್ರಯೋಗಾಲಯದ ಕೆಲಸ ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಇಳಿಯಿತು. ಬತ್ತಿಯಲ್ಲಿ ಎಣ್ಣೆ ಏರುವಂತೆ ರಕ್ತದ್ರವ ಪಟ್ಟಿಯಲ್ಲಿ ಹರಿಯುತ್ತದೆ. ಪ್ರತಿಕಾಯಗಳಿದ್ದರೆ ಚಿನ್ನದ ಅತಿಸೂಕ್ಷ್ಮ ಕಣಗಳು ಒಂದೆಡೆ ಸೇರಿ ಕೆಂಪು ಗೆರೆ ಮೂಡುತ್ತದೆ. ಅರ್ಧ ಗಂಟೆಯೊಳಗೆ ಉತ್ತರ. ಆದರೆ ಸಂಭವನೀಯತೆಯ ನಿಯಮ ಇದಕ್ಕೂ ಅನ್ವಯಿಸುತ್ತದೆ.

ಪರಿಹಾರ, ಬೇರೆ ಬೇರೆ ಪ್ರತಿಜನಕ ಅಥವಾ ತತ್ವದ ಕಿಟ್‌ಗಳನ್ನು ಸರಣಿಯಾಗಿ ಬಳಸುವುದು. ಇಲಿನಾಯ್ ಲೆಕ್ಕದ 354 ಹುಸಿಗಳು ಎರಡನೆಯ ಕಿಟ್ಟಿನಲ್ಲಿ ಎರಡಕ್ಕಿಂತ ಕಡಿಮೆಯಾಗುತ್ತವೆ, ಮೂರನೆಯದರಲ್ಲಿ ಇಲ್ಲವಾದಂತೆಯೇ. ಆದರೆ ಒಂದು ಷರತ್ತಿದೆ: ಕಿಟ್‌ಗಳ ತಪ್ಪುಗಳು ಪರಸ್ಪರ ಸ್ವತಂತ್ರವಾಗಿರಬೇಕು. ಕಾಂಗೊ ದೇಶದ ಬುಕಾವುವಿನ ಅಧ್ಯಯನವೊಂದು (2009) ಈ ಷರತ್ತು ಮುರಿಯಬಹುದೆಂದು ತೋರಿಸಿತು. ಅಲ್ಲಿ ಎರಡೂ ಕ್ಷಿಪ್ರ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದ ಹತ್ತರಲ್ಲಿ ಸುಮಾರು ಒಬ್ಬರ ಸೋಂಕು ಮುಂದಿನ ಪರೀಕ್ಷೆಯಲ್ಲಿ ದೃಢಪಡಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸತತ ಮೂರು ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದರಷ್ಟೇ ಸೋಂಕೆಂದು ನಿರ್ಧರಿಸಬೇಕೆಂದು ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಭಾರತದಲ್ಲಿ ರೋಗಲಕ್ಷಣವಿಲ್ಲದವರಿಗೆ ಮೂರು ಪರೀಕ್ಷೆಗಳ ಕ್ರಮ ಅದಕ್ಕೆ ಮೊದಲೇ ಜಾರಿಯಲ್ಲಿತ್ತು.

'ನೆಗೆಟಿವ್' ಕೂಡ ಅಂತಿಮವಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರ ಪ್ರತಿಕಾಯಗಳು ಸಾಕಷ್ಟಿರುವುದಿಲ್ಲ. ಆದ್ದರಿಂದ ಸಂದೇಹವಿದ್ದರೆ ಮರುಪರೀಕ್ಷೆ ಬೇಕು.

ಶಿಕ್ಷಕರೇ, ಸಂಭವನೀಯತೆಯ ಪಾಠದಲ್ಲಿ ನಾಣ್ಯ, ದಾಳಗಳ ಜೊತೆಗೆ ಈ ಲೆಕ್ಕವನ್ನೂ ಮಾಡಿಸಿ. ಒಂದು ಕೆಂಪು ಗೆರೆ ತೀರ್ಪಲ್ಲ, ಮುಂದಿನ ಪರೀಕ್ಷೆಗೆ ಸೂಚನೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವರು.