ಚಳಿಗೆ ಸ್ಟಾರ್ಟ್ ಆಗದ ಪಿಕಪ್: ತಪ್ಪು ಚಳಿಯದ್ದಲ್ಲ, ಧೂಳಿನದ್ದು

ಮಿಜಾರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಅಂದರೂ 20 ಡಿಗ್ರಿ ಆಸುಪಾಸು. ಆ ಹವೆಯಲ್ಲಿ ಎಂಥ ಹಳೆಯ ಡೀಸೆಲ್ ಗಾಡಿಯಾದರೂ ಎರಡು ಸಲ ಸೆಲ್ಫ್ ಹೊಡೆದರೆ ಎದ್ದು ಬಿಡುತ್ತದೆ. ಅದೇ ಪಿಕಪ್ ಮೂಡುಬಿದಿರೆ, ವೇಣೂರು, ಗುರುವಾಯನಕೆರೆ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲೋ ಮೂಡಿಗೆರೆಯಲ್ಲೋ ಒಂದು ರಾತ್ರಿ ನಿಂತರೆ ಕಥೆ ಬೇರೆ. ಜನವರಿಯ ಬೆಳಗಿನ ಜಾವ ಅಲ್ಲಿ 12–14 ಡಿಗ್ರಿ. ಸೆಲ್ಫ್ ತಿರುಗುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಇಂಜಿನ್ ಮಾತ್ರ ಏಳುವುದಿಲ್ಲ.

ಆಗ ಬೈಗುಳ ಬೀಳುವುದು ಚಳಿಗೆ, ಬ್ಯಾಟರಿಗೆ, ಹೀಟರ್ ಪ್ಲಗ್ಗಿಗೆ. ಕೆಲವು ಸಲ ತಪ್ಪು ಅವುಗಳದ್ದೇ. ಆದರೆ ಬಹಳಷ್ಟು ಸಲ ಕಾಯಿಲೆ ಶುರುವಾದದ್ದು ಘಾಟಿಯ ಮೇಲಲ್ಲ, ನಮ್ಮೂರಿನ ಕೆಂಪು ಧೂಳಿನಲ್ಲಿ, ವರ್ಷಗಳ ಹಿಂದೆ. ಕರಾವಳಿಯ ಸೆಕೆ ಆ ಕಾಯಿಲೆಯನ್ನು ಮುಚ್ಚಿಟ್ಟಿತ್ತು. ಘಾಟಿಯ ಚಳಿ ಅದನ್ನು ಹೊರಗೆ ಹಾಕಿತು, ಅಷ್ಟೆ.

ಇದು ಅರ್ಥವಾಗಬೇಕಾದರೆ ನಮ್ಮ ಜಿಲ್ಲೆಯ ಗಾಡಿಗಳ ಉಸಿರಾಟದ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಬೆಂಕಿಕಡ್ಡಿ ಇಲ್ಲದ ಬೆಂಕಿ

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಇಂಜಿನನ್ನು ಸರಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಪೆಟ್ರೋಲ್ ಇಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಡೀಸೆಲ್ ಇಂಜಿನಿನಲ್ಲಿ ಕಿಡಿಯೇ ಇಲ್ಲ. ಒಳಗೆ ಬಂದ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಒತ್ತಿದಾಗ ಅದೇ ಕೆಂಡದಂತೆ ಕಾಯುತ್ತದೆ. ಆ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ.

ಹಾಗಾಗಿ ಡೀಸೆಲ್ ಇಂಜಿನಿಗೆ ಗಾಳಿಯೇ ಬೆಂಕಿಕಡ್ಡಿ. ಹೊರಗಿನ ಗಾಳಿ ತಣ್ಣಗಿದ್ದರೆ ಒತ್ತಿದ ಮೇಲೂ ಬಿಸಿ ಕಡಿಮೆ. ಹೊರಗೆ 18 ಡಿಗ್ರಿ ಕಡಿಮೆಯಾದರೆ ಸಿಲಿಂಡರಿನ ಒಳಗೆ ಕೊರತೆ ಸುಮಾರು ಅದರ ಎರಡು ಪಟ್ಟು. ಇನ್ನೊಂದು ಸಂಗತಿ: ಪಿಸ್ಟನ್ ರಿಂಗು ಸವೆದು ಗಾಳಿ ಸೋರಿದರೂ ಬಿಸಿ ಏರುವುದಿಲ್ಲ. ಚಳಿಯೂ ಸವೆತವೂ ಇಂಜಿನಿಗೆ ಮಾಡುವ ತೊಂದರೆ ಒಂದೇ. ಎರಡೂ ಒಟ್ಟಿಗೆ ಬಂದರೆ ಗಾಡಿ ಮಲಗುತ್ತದೆ.

ಇದ್ದಿಲು ಬಸ್ಸು ಕಲಿಸಿದ ಪಾಠ

ನಮ್ಮ ಜಿಲ್ಲೆ ಬಸ್ಸಿಗೆ ಹೊಸದಲ್ಲ. ಸಿ.ಪಿ.ಸಿ.ಯಂಥ ಖಾಸಗಿ ಕಂಪನಿಗಳು ಸ್ವಾತಂತ್ರ್ಯಕ್ಕೆ ಬಹಳ ಮೊದಲೇ ಇಲ್ಲಿ ಬಸ್ ಓಡಿಸಿದ್ದವು. ಅವು ಪೆಟ್ರೋಲ್ ಗಾಡಿಗಳು. ಎರಡನೇ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಾಗ ದೇಶದ ಬೇರೆ ಕಡೆಯಂತೆ ಇಲ್ಲೂ ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆ ಕೂತಿತು. ಸಾಕಷ್ಟು ಗಾಳಿ ಕೊಡದೆ ಇದ್ದಿಲು ಸುಟ್ಟಾಗ ಬರುವ ಅನಿಲವೇ ಇಂಜಿನಿಗೆ ಆಹಾರ.

ಬೆಳಿಗ್ಗೆ ಬಸ್ ಹೊರಡಿಸುವುದೇ ಒಂದು ದೊಡ್ಡ ಕೆಲಸ. ಒಲೆಗೆ ಇದ್ದಿಲು ತುಂಬಬೇಕು, ಬೆಂಕಿ ಹಾಕಬೇಕು, ಕೈಯಿಂದ ಬ್ಲೋವರ್ ತಿರುಗಿಸಿ ತಿರುಗಿಸಿ ಅನಿಲ ಬರುವವರೆಗೆ ಕಾಯಬೇಕು.

ಆ ಅನಿಲದ ಜೊತೆ ಬೂದಿ ಬರುತ್ತಿತ್ತು. ಬೂದಿ ಒಳಗೆ ಹೋದರೆ ಸಿಲಿಂಡರ್ ಬೇಗ ಸವೆಯುತ್ತದೆ. ಅದಕ್ಕಾಗಿ ಒಲೆಗೂ ಇಂಜಿನಿಗೂ ನಡುವೆ ಬಟ್ಟೆ, ನಾರು ಮುಂತಾದವುಗಳ ಸೋಸುವ ಡಬ್ಬ ಇರುತ್ತಿತ್ತು. ಅದನ್ನು ದಿನವೂ ಬಿಚ್ಚಿ ಕೊಡವಬೇಕು. ಗಾಡಿಯ ಸಹಾಯಕನನ್ನು ನಾವು ಇವತ್ತಿಗೂ ಕ್ಲೀನರ್ ಎನ್ನುತ್ತೇವೆ. ಆ ಕಾಲದಲ್ಲಿ ಆ ಹೆಸರಿಗೆ ಪೂರ್ತಿ ಅರ್ಥವಿತ್ತು.

ಯುದ್ಧ ಮುಗಿದು ಪೆಟ್ರೋಲ್ ಸಿಕ್ಕಿತು, ಒಲೆಗಳು ಗುಜರಿಗೆ ಹೋದವು. ಇಂಜಿನಿಗೆ ಹೋಗುವ ಗಾಳಿಯನ್ನು ಸೋಸದಿದ್ದರೆ ಉಳಿಗಾಲವಿಲ್ಲ ಎಂಬ ಪಾಠವನ್ನು ಮಾತ್ರ ಆ ಒಲೆ ಹೇಳಿಕೊಟ್ಟು ಹೋಯಿತು.

ಲಾರಿ, ಪಂಪುಸೆಟ್ಟು, ಎಣ್ಣೆಯ ಬಟ್ಟಲು

ಡೀಸೆಲ್ ನಮ್ಮ ಹಳ್ಳಿಗಳಿಗೆ ಎರಡು ದಾರಿಯಲ್ಲಿ ಬಂತು. ಒಂದು, ತೋಟದ ಕೆರೆಯ ಬದಿಗೆ. 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಂಪನಿ ಆರಂಭವಾಯಿತು. ಕರೆಂಟ್ ಬರುವ ಮೊದಲು ಅಡಿಕೆ ತೋಟಕ್ಕೆ ನೀರು ಹಾಯಿಸಿದ್ದು, ಅಕ್ಕಿ ಮಿಲ್ಲು ತಿರುಗಿಸಿದ್ದು ಇಂಥ ಡೀಸೆಲ್ ಇಂಜಿನುಗಳು. ಇನ್ನೊಂದು, ರಸ್ತೆಯಲ್ಲಿ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಟಾಟಾ-ಮರ್ಸಿಡಿಸ್ ಲಾರಿ ತಂದರು.

ಆ ಮೊದಲ ಬೆಂಜ್ ಇಂಜಿನಿನಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳುತ್ತಿರಲಿಲ್ಲ. ಮೇಲೆ ಒಂದು ಸಣ್ಣ ಕೋಣೆ, ಮೊದಲು ಅಲ್ಲಿ ಹೊತ್ತಿ ಆಮೇಲೆ ಕೆಳಗೆ ಇಳಿಯುವ ವ್ಯವಸ್ಥೆ. ಸದ್ದು ಕಡಿಮೆ, ಓಟ ನಯ. ಆದರೆ ತಣ್ಣಗಿರುವಾಗ ಆ ಕೋಣೆಯ ಗೋಡೆಯೇ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆ. ಅದಕ್ಕೇ ಹೀಟರ್ ಪ್ಲಗ್ ಬೇಕು. ಬ್ಯಾಟರಿಯ ಕರೆಂಟಿನಿಂದ ತುದಿ ಕೆಂಪಗಾಗುವ ಸಣ್ಣ ಕಡ್ಡಿ ಅದು.

ಪಂಪುಸೆಟ್ಟಿಗೆ ಹೀಟರ್ ಇಲ್ಲ, ಸೆಲ್ಫ್ ಇಲ್ಲ. ಕಂಪ್ರೆಷನ್ ಬಿಡಿಸುವ ಸಣ್ಣ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಿ, ವೇಗ ಬಂದ ಕೂಡಲೇ ಲಿವರ್ ಬಿಡಬೇಕು. ಹ್ಯಾಂಡಲ್ ತಿರುಗಿಸುವ ತೋಳಿಗೆ ಇಂಜಿನಿನ ಆರೋಗ್ಯ ಗೊತ್ತಾಗುತ್ತಿತ್ತು. ಬಿಗಿ ಇದ್ದರೆ ಕಂಪ್ರೆಷನ್ ಉಂಟು. ಸಡಿಲವಾಗಿ ತಿರುಗಿದರೆ ರಿಂಗು ಹೋಗಿದೆ. ಸೆಲ್ಫ್ ಬಂದ ಮೇಲೆ ಈ ತಿಳಿವಳಿಕೆ ತೋಳಿನಿಂದ ಇಳಿದು ಹೋಯಿತು.

ಆ ಕಾಲದ ಏರ್ ಫಿಲ್ಟರ್ ಎಂದರೆ ಎಣ್ಣೆಯ ಬಟ್ಟಲು. ಟ್ರ್ಯಾಕ್ಟರ್ ಇಂಜಿನುಗಳು ಹೊಲದ ಧೂಳಿಗೆ ಹಾಳಾಗುವುದನ್ನು ನೋಡಿ, ಅಮೆರಿಕದ ಟ್ರ್ಯಾಕ್ಟರ್ ಮಾರಾಟಗಾರ ಫ್ರಾಂಕ್ ಡೊನಾಲ್ಡ್‌ಸನ್ 1915ರಲ್ಲಿ ಗಾಳಿ ಸೋಸುವ ಸಾಧನ ಮಾಡಿದ. ಮುಂದಿನ ದಶಕಗಳಲ್ಲಿ ಎಣ್ಣೆಯ ಬಟ್ಟಲು ಎಲ್ಲ ಕಡೆ ಬಂತು. ಗಾಳಿ ಮೇಲಿಂದ ಇಳಿದು, ಬಟ್ಟಲಿನ ಎಣ್ಣೆಗೆ ತಾಗಿ ತಟ್ಟನೆ ತಿರುಗಿ ಮೇಲೇಳುತ್ತದೆ. ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದದ್ದು ಮೇಲಿನ ತಂತಿಯ ಬಲೆಗೆ ಅಂಟುತ್ತದೆ.

ಅದರ ದೊಡ್ಡ ಗುಣ ಎಂದರೆ ಕೊಳೆ ಕಣ್ಣಿಗೆ ಕಾಣುತ್ತಿತ್ತು. ಕ್ಲಿಪ್ ತೆಗೆದರೆ ಬಟ್ಟಲಿನ ತಳದಲ್ಲಿ ಕೆಂಪು ಕೆಸರು. ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಿದರೆ ಆಯಿತು. ದೋಷವೂ ಇತ್ತು. ಇಂಜಿನ್ ನಿಧಾನಕ್ಕೆ ಓಡುವಾಗ ಗಾಳಿಯ ರಭಸ ಸಾಲದೆ ಸಣ್ಣ ಧೂಳು ತಪ್ಪಿಸಿಕೊಳ್ಳುತ್ತದೆ. ಗೆರೆ ಮೀರಿ ಎಣ್ಣೆ ಹಾಕಿದರೆ ಇಂಜಿನ್ ಅದನ್ನೇ ಕುಡಿದು ಕೈಗೆ ಸಿಗದಂತೆ ಓಡುವ ಅಪಾಯವೂ ಇತ್ತು.

ಪೆಜೋ ಜೀಪು, ಡಿ.ಐ. ಜೀಪು

ಬೆಳ್ತಂಗಡಿ ಕಡೆಯವರಿಗೆ ಸರ್ವಿಸ್ ಜೀಪು ಗೊತ್ತು. ಬಸ್ಸು ಹೋಗದ ಮಣ್ಣಿನ ರಸ್ತೆಗಳಲ್ಲಿ ಜನರನ್ನೂ ಸಾಮಾನನ್ನೂ ಸಾಗಿಸಿದ್ದು ಅದು. ಮಹೀಂದ್ರದವರು 1980ರ ಸುಮಾರಿಗೆ ಫ್ರಾನ್ಸಿನ ಪೆಜೋ ಕಂಪನಿಯ ಡೀಸೆಲ್ ಇಂಜಿನನ್ನು ಜೀಪಿಗೆ ತಂದರು. ಅದೂ ಸಣ್ಣ ಕೋಣೆಯ ಇಂಜಿನ್. ಹೀಟರ್ ಹಾಕಿ ಒಂದಿಷ್ಟು ಹೊತ್ತು ಕಾಯದೆ ಸೆಲ್ಫ್ ಹೊಡೆದರೆ ಚಳಿಯಲ್ಲಿ ಏಳುತ್ತಿರಲಿಲ್ಲ. ಇನ್ನೊಂದು, ಟ್ರ್ಯಾಕ್ಟರ್ ವಂಶದ ಡಿ.ಐ. ಇಂಜಿನ್. ಡೀಸೆಲ್ ನೇರ ಸಿಲಿಂಡರಿಗೆ. ಸದ್ದು ಜಾಸ್ತಿ, ಅದುರು ಜಾಸ್ತಿ, ಆದರೆ ಹೀಟರ್ ಇಲ್ಲದೆಯೂ ಏಳುತ್ತಿತ್ತು.

ಏಳದಿದ್ದರೆ ಉಪಾಯಗಳೂ ಇದ್ದವು. ರಾತ್ರಿ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸುವುದು, ಬೆಳಿಗ್ಗೆ ನಾಲ್ಕು ಜನ ದೂಡುವುದು. ಕೆಲವರು ಫಿಲ್ಟರ್ ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿಯುತ್ತಿದ್ದರು. ಹೀಟರ್ ಬಿಸಿ ಇರುವಾಗ ಹೀಗೆ ಮಾಡಿದರೆ ಬೆಂಕಿ ಹಿಂದಕ್ಕೆ ಹಾರುತ್ತದೆ, ಪಿಸ್ಟನ್ನೇ ಒಡೆಯಬಹುದು. ಮೇಲಾಗಿ ತೆರೆದ ಬಾಯಿಯಿಂದ ಧೂಳು ಹೋಗುತ್ತದೆ. ಇವತ್ತಿನ ಸ್ಟಾರ್ಟಿಂಗ್ ಸ್ಪ್ರೇಗೂ ಇದೇ ಎಚ್ಚರಿಕೆ ಬೇಕು.

ಕಾಗದ ಬಂತು, ಕಣ್ಣು ತಪ್ಪಿತು

1986ರಲ್ಲಿ ಟಾಟಾ 407, 1988ರಲ್ಲಿ ಟಾಟಾ ಮೊಬೈಲ್ ಪಿಕಪ್, ಆಮೇಲೆ ಮಹೀಂದ್ರ ಪಿಕಪ್ಪುಗಳು. 2005ರಲ್ಲಿ ಬಂದ ಟಾಟಾ ಏಸ್ ಅಂತೂ 702 ಸಿ.ಸಿ.ಯ ಎರಡು ಸಿಲಿಂಡರ್ ಇಂಜಿನಿನಲ್ಲಿ, 16 ಎಚ್.ಪಿ.ಯಲ್ಲಿ, ಸಾಲ ಮಾಡಿ ಗಾಡಿ ತೆಗೆದ ಎಷ್ಟೋ ಹುಡುಗರಿಗೆ ಸ್ವಂತ ದುಡಿಮೆ ಕೊಟ್ಟಿತು. ಅಡಿಕೆ, ರಬ್ಬರ್, ಕೋಳಿ, ಶಾಮಿಯಾನ, ಕೆಂಪುಕಲ್ಲು, ಕಂಬಳದ ಕೋಣ ಎಲ್ಲದಕ್ಕೂ ಪಿಕಪ್ಪೇ.

ಹೊತ್ತಿಗೆ ಎಣ್ಣೆಯ ಬಟ್ಟಲು ಹೋಗಿ ಮಡಿಕೆ ಮಡಿಕೆಯ ಕಾಗದದ ಫಿಲ್ಟರ್ ಬಂದಿತ್ತು. ಸೋಸುವುದರಲ್ಲಿ ಕಾಗದ ಎಣ್ಣೆಗಿಂತ ಮೇಲು. ಎಣ್ಣೆಯ ಬಟ್ಟಲು ನೂರರಲ್ಲಿ ಸುಮಾರು 95 ಪಾಲು ಧೂಳು ಹಿಡಿದರೆ ಒಳ್ಳೆಯ ಕಾಗದ 99ಕ್ಕೂ ಮೇಲೆ ಹಿಡಿಯುತ್ತದೆ. ಆದರೆ ಅದು ಮುಚ್ಚಿದ ಪ್ಲಾಸ್ಟಿಕ್ ಡಬ್ಬದೊಳಗೆ ಕೂತಿತು. ಕೊಳೆ ಕಾಣದಾಯಿತು. ನೋಡುವ ಅಭ್ಯಾಸ ಸರ್ವಿಸ್ ದಿನಕ್ಕೆ ಸೀಮಿತವಾಯಿತು.

ನಮ್ಮ ಧೂಳು ಸಾಮಾನ್ಯ ಧೂಳಲ್ಲ. ಕೆಂಪುಕಲ್ಲಿನ ಹುಡಿಯಲ್ಲಿ ಕಬ್ಬಿಣದ ಅಂಶದ ಜೊತೆ ಸಣ್ಣ ಮರಳಿನ ಕಣಗಳಿರುತ್ತವೆ. ಆ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಮಳೆ ನಿಂತ ಮೇಲೆ ಮುಂದಿನ ಮಳೆಯವರೆಗೆ ಕೋರೆಯ ದಾರಿಯಲ್ಲಿ ಓಡುವ ಗಾಡಿಗೆ ಅದೇ ಗಾಳಿ. ಕುಲಶೇಖರದಿಂದ ಸಾಣೂರಿನವರೆಗೆ ಚತುಷ್ಪಥಕ್ಕಾಗಿ ಗುಡ್ಡ ಅಗೆದಾಗ ಗುರುಪುರ, ಗಂಜಿಮಠ, ಎಡಪದವು, ಮಿಜಾರಿನ ಹೆದ್ದಾರಿ ಬದಿಯ ಮರದ ಎಲೆಯೂ ಕೆಂಪಾಗಿದ್ದನ್ನು ನೋಡಿದ್ದೇವೆ. ಎರಡೂವರೆ ಲೀಟರಿನ ಪಿಕಪ್ ಇಂಜಿನ್ 2,000 ಆರ್.ಪಿ.ಎಂ.ನಲ್ಲಿ ನಿಮಿಷಕ್ಕೆ ಸುಮಾರು 2,500 ಲೀಟರ್ ಗಾಳಿ ಎಳೆಯುತ್ತದೆ. ಟರ್ಬೊ ಇದ್ದರೆ ಇನ್ನೂ ಹೆಚ್ಚು.

ಫಿಲ್ಟರ್ ತೂತಾಗಿದ್ದರೆ, ರಬ್ಬರ್ ಅಂಚು ಸರಿಯಾಗಿ ಕೂರದಿದ್ದರೆ, ಆ ಹುಡಿ ಎಣ್ಣೆಯ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ರಿಂಗು ಸವೆಯುತ್ತದೆ, ಬೋರು ಸವೆಯುತ್ತದೆ, ಕಂಪ್ರೆಷನ್ ಇಳಿಯುತ್ತದೆ. ಮಿಜಾರಿನ ಸೆಕೆಯಲ್ಲಿ ಗಾಡಿ ಆಗಲೂ ಏಳುತ್ತದೆ. ಇಂಜಿನ್ ಎಣ್ಣೆ ಸ್ವಲ್ಪ ಕಡಿಮೆಯಾಗುತ್ತದೆ, ಏರಿನಲ್ಲಿ ಸ್ವಲ್ಪ ಹೊಗೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಮೂಡಿಗೆರೆ ಸೀಮೆಯ ಮೊದಲ ಚಳಿಯ ಬೆಳಿಗ್ಗೆ ಲೆಕ್ಕ ಚುಕ್ತಾ ಆಗುತ್ತದೆ.

ಕೆಲವರು ಡೀಸೆಲ್ ಹೆಪ್ಪುಗಟ್ಟಿತು ಎನ್ನುತ್ತಾರೆ. ಅದು ಲಡಾಖಿನ ಸಮಸ್ಯೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ತಂದಿತು. ಕೊಟ್ಟಿಗೆಹಾರದ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ.

ಈಗ ಏನು ಆಯ್ಕೆ?

2020ರ ಏಪ್ರಿಲ್ 1ರಿಂದ ಬಿ.ಎಸ್.-6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೀಟರನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಡ್ರೈವರ್ ಮಾಡಬೇಕಾದ್ದು ಲೈಟ್ ಆರುವವರೆಗೆ ಕಾಯುವುದು ಮಾತ್ರ. ಫಿಲ್ಟರಿನ ಕೆಲಸ ಮಾತ್ರ ನಮ್ಮ ಕೈಯಲ್ಲೇ ಉಳಿದಿದೆ.

ಕಂಪನಿ ಹೇಳಿದ ಅಳತೆಯ, ಒಳ್ಳೆಯ ಕಾಗದದ ಫಿಲ್ಟರೇ ನಮ್ಮ ಧೂಳಿಗೆ ಸರಿ. ಅಗ್ಗದ ನಕಲಿಯಲ್ಲಿ ಮೊದಲು ಕೈಕೊಡುವುದು ಕಾಗದಕ್ಕಿಂತ ಅಂಚಿನ ರಬ್ಬರ್. ತೊಳೆದು ಮತ್ತೆ ಬಳಸುವ, ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ‘ಪಿಕಪ್ ಜಾಸ್ತಿ’ ಎಂದು ಮಾರಾಟವಾಗುತ್ತದೆ. ಗಾಳಿ ಸಲೀಸಾಗಿ ಹೋಗುವ ಕಡೆ ಧೂಳೂ ಸಲೀಸಾಗಿ ಹೋಗುತ್ತದೆ. ಎಣ್ಣೆ ಜಾಸ್ತಿಯಾದರೆ ಹೊಸ ಗಾಡಿಗಳ ಗಾಳಿ ಅಳೆಯುವ ಸೆನ್ಸರಿಗೂ ಅಂಟುತ್ತದೆ.

ಇನ್ನೊಂದು ವಿಚಿತ್ರ: ಸ್ವಲ್ಪ ಕೊಳೆಯಾದ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳೇ ಇನ್ನೊಂದು ಜರಡಿಯಾಗುತ್ತದೆ. ಹಾಗಾಗಿ ವಾರವಾರ ಬಿಚ್ಚಿ ಟಯರಿಗೆ ಬಡಿಯುವುದು ಉಪಕಾರವಲ್ಲ. ಬಡಿದರೆ ಅಂಚು ಸೊಟ್ಟಗಾಗುತ್ತದೆ. ಜೋರು ಗಾಳಿ ಹೊಡೆದರೆ ಕಾಗದ ಹರಿಯುತ್ತದೆ. ಹೊಡೆಯಲೇಬೇಕಾದರೆ ಮೆಲ್ಲಗೆ, ಒಳಗಿನಿಂದ ಹೊರಕ್ಕೆ. ಕತ್ತಲೆಯಲ್ಲಿ ಒಳಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ: ಚುಕ್ಕಿಯಂತೆ ಬೆಳಕು ತೂರಿ ಬಂದರೆ ತೂತಾಗಿದೆ, ಬಿಸಾಡಿ. ಮಳೆಗಾಲದಲ್ಲಿ ಒದ್ದೆಯಾಗಿದೆಯೇ, ಇಲಿ ಗೂಡು ಕಟ್ಟಿದೆಯೇ ಎಂದೂ ನೋಡಬೇಕು.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆಗೆ ಖರ್ಚಿಲ್ಲ. ಫಿಲ್ಟರ್ ತೆಗೆದು, ಅದರಿಂದ ಇಂಜಿನಿಗೆ ಹೋಗುವ ಪೈಪಿನ ಒಳಗೆ ಬೆರಳು ಹಾಕಿ ಸವರಿ. ಬೆರಳಿಗೆ ಕೆಂಪು ಅಂಟಿದರೆ ಧೂಳು ಆಗಲೇ ಒಳಗೆ ಹೋಗುತ್ತಿದೆ ಎಂದರ್ಥ. ಹೀಟರ್ ಪ್ಲಗ್ ಬದಲಿಸುವ ಮೊದಲು ಅದನ್ನು ಸರಿ ಮಾಡಿಸಿ. ಹೀಟರ್ ಒಂದು ಬೆಳಗಿನ ಕೆಲಸ ಮಾಡುತ್ತದೆ. ಸವೆದ ಬೋರನ್ನು ಸರಿ ಮಾಡಿಸುವುದಕ್ಕೆ ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಬೇಕು, ಆ ದಿನಗಳಲ್ಲೂ ಸಾಲದ ಕಂತು ಕಟ್ಟಲೇಬೇಕು.