ಬಾಗಿಲು ಮುಚ್ಚಿದ ಮೇಲೆ: ಚೌರಿ ಚೌರಾದ ಪಾಠ

ಹೊಡೆಯಲು ಬಂದವನ ಕೈಯನ್ನು ತಡೆಯುವುದು ತಪ್ಪೇ? ಅಲ್ಲವೆಂದು ನೀವು ಕೂಡಲೇ ಹೇಳುವಿರಿ. ಹೊಡೆದವನು ಹೆದರಿ ಓಡುವಾಗ ಅಟ್ಟಿಸಿಕೊಂಡು ಹೋಗಿ ಹೊಡೆಯುವುದು? ಇಲ್ಲಿ ಉತ್ತರ ಅಷ್ಟು ಬೇಗ ಬರುವುದಿಲ್ಲ. ಮೊದಲನೆಯದು ಆತ್ಮರಕ್ಷಣೆ, ಎರಡನೆಯದು ಪ್ರತೀಕಾರ. ಇವೆರಡರ ನಡುವಿನ ಗೆರೆ ಎಷ್ಟು ತೆಳುವಾದುದೆಂಬುದನ್ನು ನಮ್ಮ ಸ್ವಾತಂತ್ರ್ಯ ಹೋರಾಟದ ಒಂದು ಘಟನೆ ತೋರಿಸುತ್ತದೆ.

ಅದು ಅಸಹಕಾರ ಚಳವಳಿಯ ಕಾಲ. ಇಂದಿನ ಉತ್ತರ ಪ್ರದೇಶದ ಗೋರಖಪುರ ಜಿಲ್ಲೆಯ ಚೌರಿ ಚೌರಾದ ಬಳಿ ಸಂತೆಯಲ್ಲಿ ಪಿಕೆಟಿಂಗ್ ಮಾಡಲು ಹೋದ ಸ್ವಯಂಸೇವಕರನ್ನು ಪೊಲೀಸರು ಥಳಿಸಿದ್ದರು. ಇದನ್ನು ಪ್ರತಿಭಟಿಸಿ 1922ರ ಫೆಬ್ರವರಿ 4ರಂದು ಹೊರಟ ದೊಡ್ಡ ಮೆರವಣಿಗೆಗೂ ಠಾಣೆಯ ಪೊಲೀಸರಿಗೂ ಘರ್ಷಣೆಯಾಯಿತು. ಪೊಲೀಸರು ಗುಂಡು ಹಾರಿಸಿದರು. ಗುಂಪಿನಲ್ಲಿದ್ದ ಕೆಲವರು ಸತ್ತರು. ಜನ ಕೆರಳಿ ಮುನ್ನುಗ್ಗಿದರು. ಪೊಲೀಸರು ಠಾಣೆಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ಗುಂಪು ಠಾಣೆಗೆ ಬೆಂಕಿಯಿಟ್ಟಿತು. 20ಕ್ಕೂ ಹೆಚ್ಚು ಪೊಲೀಸರು ಪ್ರಾಣ ಕಳೆದುಕೊಂಡರು.

ಆ ಬಾಗಿಲು ಮುಚ್ಚಿದ ಗಳಿಗೆಯನ್ನು ಗಮನಿಸಿ. ಗುಂಡು ಹಾರುತ್ತಿದ್ದಾಗ ಎದುರು ನಿಂತವರ ಪರವಾಗಿ ವಾದಿಸಬಹುದು. ಓಡಿ ಅವಿತವರನ್ನು ಸುಟ್ಟದ್ದನ್ನು ರಕ್ಷಣೆ ಎನ್ನಲಾಗದು. ಜನರ ಸಿಟ್ಟಿಗೆ ಕಾರಣವಿತ್ತು, ನಿಜ. ಆದರೆ ಕಾರಣ ಬೇರೆ, ಸಮರ್ಥನೆ ಬೇರೆ.

ಗಾಂಧೀಜಿ ಐದು ದಿನ ಉಪವಾಸ ಕೈಗೊಂಡರು. ಬಾರ್ಡೋಲಿಯಲ್ಲಿ ಸೇರಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಚಳವಳಿಯನ್ನು ನಿಲ್ಲಿಸಿತು. ಒಂದೂರಿನ ತಪ್ಪಿಗೆ ಇಡೀ ದೇಶ ಏಕೆ ಹಿಂದೆ ಸರಿಯಬೇಕೆಂದು ಸೆರೆಮನೆಯಲ್ಲಿದ್ದ ನೆಹರೂ, ಲಾಲಾ ಲಜಪತ ರಾಯ್ ಅವರಂಥವರು ನೊಂದುಕೊಂಡರು. ಈ ಪ್ರಶ್ನೆ ಹಗುರವಾದುದಲ್ಲ. ಗಾಂಧೀಜಿಯಾದರೂ ಹೇಡಿತನವನ್ನು ಬೋಧಿಸಿದವರಲ್ಲ. ಹೇಡಿತನ ಮತ್ತು ಹಿಂಸೆ ಇವೆರಡೇ ಉಳಿದರೆ ಹಿಂಸೆಯೇ ಮೇಲೆಂದು 1920ರಲ್ಲಿ ಬರೆದವರು ಅವರೇ. ಅವರು ಒಪ್ಪದಿದ್ದುದು ಸೇಡನ್ನು.

ಸರ್ಕಾರ ಮಾಡಿದ್ದೇನು? ಸೆಷನ್ಸ್ ನ್ಯಾಯಾಲಯ 172 ಮಂದಿಗೆ ಮರಣದಂಡನೆ ವಿಧಿಸಿತು. ಮದನ ಮೋಹನ ಮಾಳವೀಯರು ಅಲಹಾಬಾದ್ ಹೈಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸಿದರು. 1923ರಲ್ಲಿ ಹೈಕೋರ್ಟು 19 ಮಂದಿಯ ಮರಣದಂಡನೆಯನ್ನು ಮಾತ್ರ ಎತ್ತಿಹಿಡಿಯಿತು, ಅವರನ್ನು ಗಲ್ಲಿಗೇರಿಸಲಾಯಿತು. 172 ಎಲ್ಲಿ, 19 ಎಲ್ಲಿ! ಅಳತೆ ಮೀರುವ ಪ್ರತೀಕಾರ ಗುಂಪಿಗಷ್ಟೇ ಅಂಟುವ ರೋಗವಲ್ಲ.

ನಮ್ಮ ಕಾನೂನೂ ಈ ಅಳತೆಯನ್ನು ಕೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿರುವ ನಿಯಮದಂತೆ, ಆತ್ಮರಕ್ಷಣೆ ಪ್ರತಿಯೊಬ್ಬರ ಹಕ್ಕು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಅಪಾಯದ ಭೀತಿ ಕಳೆದೊಡನೆ ಆ ಹಕ್ಕೂ ಮುಗಿಯುತ್ತದೆ.

ಇಂದು ಚೌರಿ ಚೌರಾದಲ್ಲಿ ಸತ್ತ ಪೊಲೀಸರಿಗೊಂದು ಸ್ಮಾರಕವಿದೆ, ಗಲ್ಲಿಗೇರಿದವರಿಗೊಂದು ಸ್ಮಾರಕವಿದೆ. ನೀವು ಅಲ್ಲಿಗೆ ಹೋದರೆ ಎರಡನ್ನೂ ನೋಡಿ. ಒಂದನ್ನು ಮಾತ್ರ ನೋಡಿ ಬಂದವರಿಗೆ ಅರ್ಧ ಇತಿಹಾಸವಷ್ಟೇ ತಿಳಿದೀತು.